ಸುಣ್ಣ ಒಣಗುವ ಮೊದಲು: ಕಾವಿ ಗೋಡೆ ಮತ್ತು ಚಿತ್ರಕಾರರ ದಿನಚರಿ

ಚಿತ್ರಕಾರರನ್ನು ಕುರಿತ ಬರಹಗಳಿಗೆ ಇತ್ತೀಚೆಗೆ ಒಂದು ಸಿದ್ಧ ಮಾದರಿ ಬಂದುಬಿಟ್ಟಿದೆ. ಕಿಟಕಿಯ ಪಕ್ಕದ ಮೇಜು, ಡಬ್ಬಿಯಲ್ಲಿ ನಿಲ್ಲಿಸಿದ ಕುಂಚಗಳು, ಅರ್ಧ ಕುಡಿದಿಟ್ಟ ಕಾಫಿ, ಗೋಡೆಗೆ ಅಂಟಿಸಿದ ಕರಡು ಚಿತ್ರಗಳು. ಎಷ್ಟು ಗಂಟೆಗೆ ಏಳುತ್ತೀರಿ, ಯಾವ ಪೆನ್ನು ಬಳಸುತ್ತೀರಿ, ಏನೂ ಹೊಳೆಯದ ದಿನ ಏನು ಮಾಡುತ್ತೀರಿ ಎಂಬ ಪ್ರಶ್ನೆಗಳು. ಇಂಥವನ್ನು ನಾನೂ ಆಸೆಯಿಂದಲೇ ಓದುತ್ತೇನೆ. ಆದರೆ ಈ ಮಾದರಿಯ ಹಿಂದೆ ಒಂದು ನಂಬಿಕೆ ಇದೆ. ಚಿತ್ರ ಹುಟ್ಟುವುದು ಒಬ್ಬ ವ್ಯಕ್ತಿಯ ಖಾಸಗಿ ಕೋಣೆಯಲ್ಲಿ, ಆ ವ್ಯಕ್ತಿ ತನಗೆ ತಾನೇ ರೂಢಿ ಮಾಡಿಕೊಂಡ ಅಭ್ಯಾಸಗಳಿಂದ ಎಂಬುದು ಆ ನಂಬಿಕೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರಗಳ ಕಡಲ ಪಟ್ಟಿಯಲ್ಲಿ ಬೆಳೆದ ಚಿತ್ರಪರಂಪರೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಅಲ್ಲಿ ಕೋಣೆಯೇ ಇರಲಿಲ್ಲ, ಗೋಡೆ ಇತ್ತು. ದಿನಚರಿಯನ್ನು ನಿರ್ಧರಿಸುತ್ತಿದ್ದದ್ದು ಚಿತ್ರಕಾರನ ಮನಸ್ಸಲ್ಲ, ಸುಣ್ಣ.

ನಾನು ಹೇಳುತ್ತಿರುವುದು ಕಾವಿಕಲೆಯ ಬಗ್ಗೆ. ಕಾವಿ ಎಂದೊಡನೆ ಇಂದು ನಮಗೆ ನೆನಪಾಗುವುದು ಬೇರೆ ಏನೋ. ಕೊಂಕಣಿಯಲ್ಲಿ 'ಕಾವ್' ಎಂದರೆ ಬರೀ ಕೆಮ್ಮಣ್ಣು. ಗೋವೆಯಿಂದ ದಕ್ಷಿಣಕ್ಕೆ ಇಳಿದು ಉತ್ತರ ಕನ್ನಡದ ಕರಾವಳಿಯುದ್ದಕ್ಕೂ ದೇವಸ್ಥಾನಗಳ, ಮಠಗಳ, ಕೆಲವು ಹಳೆಯ ಮನೆಗಳ ಗೋಡೆಗಳ ಮೇಲೆ ಈ ಮಣ್ಣಿನ ಕೆಂಪು ಮತ್ತು ಸುಣ್ಣದ ಬಿಳುಪು ಎಂಬ ಎರಡೇ ಬಣ್ಣಗಳಲ್ಲಿ ಚಿತ್ರಗಳು ಮೂಡಿದವು. ಆನೆ, ಕುದುರೆ, ಸಿಂಹ, ದ್ವಾರಪಾಲಕರು, ದೇವ ದೇವತೆಯರು, ರಾಮಾಯಣದ ಪ್ರಸಂಗಗಳು, ಕೈವಾರ ಇಟ್ಟು ಎಳೆದ ವೃತ್ತಗಳೊಳಗೆ ಅರಳಿದ ಹೂಗಳು, ಸುತ್ತ ಬಳ್ಳಿಯ ಅಂಚು. ನೆರಳು ಬೆಳಕಿನ ನಡುವಣ ಛಾಯೆ ಎಂಬುದು ಇಲ್ಲಿ ಇಲ್ಲ. ಒಂದೋ ಕೆಂಪು, ಇಲ್ಲವೇ ಬಿಳಿ.

ಇದನ್ನು ಬಿಡಿಸುತ್ತಿದ್ದ ಬಗೆಯೇ ಇಲ್ಲಿ ಮುಖ್ಯ. ಕಡಲ ಚಿಪ್ಪುಗಳನ್ನು ಸುಟ್ಟು ಸುಣ್ಣ ಮಾಡುವುದು. ಹೊಳೆಯ ಮರಳನ್ನು ತೊಳೆದು ಅದಕ್ಕೆ ಬೆರೆಸುವುದು. ಬೆಲ್ಲ ಸೇರಿಸಿ ಸುಮಾರು ಹದಿನೈದು ದಿನ ಕೊಳೆಯಲು ಬಿಡುವುದು. ಆಮೇಲೆ ಒಂದೇ ಹದಕ್ಕೆ ಬರುವವರೆಗೆ ಕುಟ್ಟುವುದು. ಗೋಡೆಗೆ ಈ ಬಿಳಿ ಗಾರೆ ಮೆತ್ತಿದ ಮೇಲೆ ಅದರ ಮೇಲೊಂದು ಕೆಂಪು ಪದರ. ಈ ಕೆಂಪು ನಮ್ಮ ಕರಾವಳಿಯ ಚಿರೆಕಲ್ಲಿನ ನೆಲದಿಂದಲೇ ಬರುವ ಮಣ್ಣು. ಕೆಂಪು ಪದರವನ್ನು ತಿಕ್ಕಿ ನುಣುಪು ಮಾಡಿ, ಅದು ಹಸಿಯಾಗಿರುವಾಗಲೇ ಮೊನಚಾದ ಉಕ್ಕಿನ ಸಲಾಕೆಯಿಂದ ಗೆರೆ ಕೊರೆದು, ಬೇಡದ ಕೆಂಪನ್ನು ಕೆರೆದು ತೆಗೆಯಬೇಕು. ಒಳಗಿನ ಬಿಳಿ ಆಗ ಹೊರಗೆ ಕಾಣುತ್ತದೆ. ಅಂದರೆ ಇಲ್ಲಿ ಚಿತ್ರ ಬರೆಯುವುದು ಎಂದರೆ ಬಣ್ಣ ಹಚ್ಚುವುದಲ್ಲ, ಬಣ್ಣ ತೆಗೆಯುವುದು.

ಈ ತಾಂತ್ರಿಕ ವಿವರದಲ್ಲಿ ಒಂದು ಕಾಲಮಾನ ಅಡಗಿದೆ. ಸುಣ್ಣ ಗಟ್ಟಿಯಾಗುವುದು ಬರೀ ನೀರು ಆರಿದ್ದರಿಂದಲ್ಲ. ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಅದು ಮತ್ತೆ ಕಲ್ಲಾಗುತ್ತದೆ. ಒಮ್ಮೆ ಗಟ್ಟಿಯಾಗತೊಡಗಿದರೆ ಸಲಾಕೆ ಗೆರೆ ಎಳೆಯುವುದಿಲ್ಲ, ಚಕ್ಕೆ ಏಳಿಸುತ್ತದೆ. ಹಾಗಾಗಿ ಕೆಲಸಗಾರ ಒಂದು ಸಲಕ್ಕೆ ಎಷ್ಟು ಗೋಡೆಯನ್ನು ಕೆಂಪು ಮಾಡಬಹುದು ಎಂಬುದನ್ನು ಕೈಯ ವೇಗ ನೋಡಿ ತೀರ್ಮಾನಿಸಬೇಕು. ಹಸಿ ಗಾರೆಯ ಮೇಲೆ ಬಣ್ಣ ಹಚ್ಚುತ್ತಿದ್ದ ಇಟಲಿಯ ಭಿತ್ತಿಚಿತ್ರಕಾರರು ಒಂದು ದಿನದಲ್ಲಿ ಮುಗಿಸಬಹುದಾದಷ್ಟು ಗಾರೆಯ ತುಂಡಿಗೆ 'ಜೊರ್ನಾತಾ' ಎಂದು ಹೆಸರಿಟ್ಟಿದ್ದರು. ಆ ಪದದ ಅರ್ಥವೇ ಒಂದು ದಿನದ ಕೆಲಸ. ಅವರ ಚಿತ್ರಗಳಲ್ಲಿ ಒಂದು ದಿನ ಮುಗಿದು ಮತ್ತೊಂದು ದಿನ ಶುರುವಾದ ಜಾಗವನ್ನು ಕಲಾ ಇತಿಹಾಸಕಾರರು ಬೆಸುಗೆಯ ಗೆರೆ ಹಿಡಿದು ಗುರುತಿಸುತ್ತಾರೆ. ಕಲಾವಿದನ ದಿನಚರಿ ಅಲ್ಲಿ ಡೈರಿಯಲ್ಲಿಲ್ಲ, ಗೋಡೆಯಲ್ಲೇ ಇದೆ. ನಮ್ಮ ಕಾವಿ ಗೋಡೆಗಳನ್ನು ಈ ಕಣ್ಣಿನಿಂದ ಓದುವ ಅಭ್ಯಾಸ ನಮಗೆ ಬಂದಿಲ್ಲ. ಅಲ್ಲಿ ಯಾವ ದೇವರಿದ್ದಾನೆ ಎಂದು ಕೇಳುತ್ತೇವೆ, ಎಷ್ಟು ಹಳೆಯದು ಎಂದು ಕೇಳುತ್ತೇವೆ. ಇದು ಎಷ್ಟು ದಿನದ ಕೆಲಸ, ಎಷ್ಟು ಕೈಗಳ ಕೆಲಸ ಎಂದು ಕೇಳುವುದಿಲ್ಲ.

ಕೋಣೆ, ಏಕಾಂತ, ಸ್ಫೂರ್ತಿ ಎಂಬ ಕಥೆ ಕಾರವಾರಕ್ಕೆ ಹೊಸದಲ್ಲ. ಕಾರವಾರದಲ್ಲಿ ಸೃಜನಶೀಲತೆಯ ಮಾತು ಬಂದರೆ ಮೊದಲು ಬರುವ ಹೆಸರು ರವೀಂದ್ರನಾಥ ಟ್ಯಾಗೋರರದು. 1883ರಲ್ಲಿ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ಇಪ್ಪತ್ತೆರಡರ ತರುಣ ಈ ಕಡಲನ್ನು ನೋಡಿದರು, ಕಾಳಿ ನದಿಯಲ್ಲಿ ದೋಣಿಯಲ್ಲಿ ತೇಲಿದರು, 'ಪ್ರಕೃತಿರ್ ಪ್ರತಿಶೋಧ' ನಾಟಕ ಬರೆದರು. ಕಡಲ ತೀರಕ್ಕೆ ಈಗ ಅವರದೇ ಹೆಸರು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಊರು ತನ್ನ ಕಲೆಯ ಕಥೆಯನ್ನು ಬಂದು ಹೋದವರ ಸ್ಫೂರ್ತಿಯ ಮೂಲಕವೇ ಹೇಳಿಕೊಳ್ಳತೊಡಗಿದಾಗ, ಅದೇ ಊರಲ್ಲಿ ಇದ್ದು ಚಿಪ್ಪು ಸುಟ್ಟು ಗಾರೆ ಕುಟ್ಟಿದವರು ಕಲೆಯ ಇತಿಹಾಸದಿಂದ ಮೆಲ್ಲಗೆ ಕುಶಲಕರ್ಮದ ಇತಿಹಾಸಕ್ಕೆ ಜಾರುತ್ತಾರೆ. ಕಡಲನ್ನು ನೋಡಿದವನು ಕವಿ, ಕಡಲ ಚಿಪ್ಪನ್ನು ಸುಟ್ಟವನು ಕೂಲಿ ಎಂಬ ಲೆಕ್ಕ ಅದು.

ಈ ಮಾತಿಗೆ ಟ್ಯಾಗೋರರೇ ಒಂದು ತಿದ್ದುಪಡಿ ಒದಗಿಸುತ್ತಾರೆ ಎಂಬುದು ಸ್ವಾರಸ್ಯದ ಸಂಗತಿ. ಅವರು ಚಿತ್ರಕಾರರಾದದ್ದು ಅರವತ್ತು ದಾಟಿದ ಮೇಲೆ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಸೇರಿಸುತ್ತಾ ಹೋದಾಗ ಹಕ್ಕಿ, ಮೃಗ, ಮುಖಗಳು ಮೂಡಿದವು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಮೊದಲ ಪ್ರದರ್ಶನ ನಡೆಯಿತು. ಅವರ ಚಿತ್ರ ಹುಟ್ಟಿದ್ದು ಬರಹದ ದಿನನಿತ್ಯದ ಕೆಲಸದಿಂದ, ಬೇಡವಾದುದನ್ನು ತೆಗೆದುಹಾಕುವ ಕ್ರಿಯೆಯಿಂದ. ಇದಕ್ಕೂ ಕಾರವಾರಕ್ಕೂ ಗಂಟು ಹಾಕುವ ಉದ್ದೇಶ ನನಗಿಲ್ಲ. ಕೆಲಸದ ಅಂಚಿನಲ್ಲಿ, ಕೆಲಸದ ಸಾಮಗ್ರಿಯಿಂದಲೇ ಚಿತ್ರ ಏಳುತ್ತದೆ ಎಂಬುದಕ್ಕೆ ನಾವು ಸ್ಫೂರ್ತಿಯ ಪ್ರತಿಮೆ ಮಾಡಿ ಕೂರಿಸಿದ ಕವಿಯೇ ಸಾಕ್ಷಿ ಎಂದಷ್ಟೇ ಹೇಳುತ್ತಿದ್ದೇನೆ.

ಕಾವಿ ಗೋಡೆಯ ಕೆಲಸವನ್ನು ನಾನು ಕಥಾಚಿತ್ರದ, ಅಂದರೆ ಪತ್ರಿಕೆ ಪುಸ್ತಕಗಳ ಚಿತ್ರಕಾರರ ಕೆಲಸದ ಜೊತೆ ಇಡುತ್ತಿರುವುದಕ್ಕೆ ಕಾರಣವಿದೆ. ಸ್ವತಂತ್ರ ವರ್ಣಚಿತ್ರಕಾರ ತನ್ನ ವಸ್ತುವನ್ನು ತಾನೇ ಆರಿಸಿಕೊಳ್ಳಬಹುದು. ಕಥಾಚಿತ್ರಕಾರನಿಗೆ ಆ ಸ್ವಾತಂತ್ರ್ಯ ಇಲ್ಲ. ಪರರ ಕಥೆ, ಪರರು ಕೊಟ್ಟ ಜಾಗ, ಪರರ ಗಡಿಯಾರ. ರಾಮಾಯಣದ ಪ್ರಸಂಗವನ್ನು ದೇವಸ್ಥಾನದ ಆಡಳಿತ ತೋರಿಸಿದ ಗೋಡೆಯಲ್ಲಿ ಗಾರೆ ಒಣಗುವ ಮೊದಲು ಮೂಡಿಸಬೇಕಾದವನಿಗೂ, ಬೇರೊಬ್ಬರು ಬರೆದ ಕಥೆಗೆ ಸಂಪಾದಕರು ಬಿಟ್ಟ ಎರಡು ಕಾಲಮ್ಮಿನ ಜಾಗದಲ್ಲಿ ಪುಟ ಅಚ್ಚಿಗೆ ಹೋಗುವ ಮೊದಲು ಚಿತ್ರ ಕೊಡಬೇಕಾದವನಿಗೂ ಕಸುಬಿನ ಸ್ಥಿತಿ ಒಂದೇ. ಇಬ್ಬರ ಸೃಜನಶೀಲತೆಯೂ ಇರುವುದು ಈ ಕಟ್ಟುಪಾಡಿನ ಒಳಗೆ.

ಕನ್ನಡ ನೆಲದಿಂದ ಹೋದ ಅತ್ಯಂತ ಪ್ರಸಿದ್ಧ ಚಿತ್ರಕಾರ ಆರ್.ಕೆ. ಲಕ್ಷ್ಮಣ್ ಇದಕ್ಕೆ ಒಳ್ಳೆಯ ಉದಾಹರಣೆ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರಿಗೆ ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರವೇಶ ನಿರಾಕರಿಸಿತು. ವಿದ್ಯಾರ್ಥಿಯಾಗಿದ್ದಾಗಲೇ ರಾಶಿಯವರ 'ಕೊರವಂಜಿ'ಗೆ ಬರೆದರು, ಅಣ್ಣ ಆರ್.ಕೆ. ನಾರಾಯಣರ ಕಥೆಗಳಿಗೆ ಬರೆದರು. ಮುಂದೆ ಟೈಮ್ಸ್ ಆಫ್ ಇಂಡಿಯಾದಲ್ಲಿ 1951ರಿಂದ ಹಲವು ದಶಕಗಳ ಕಾಲ ಅವರ 'ಶ್ರೀಸಾಮಾನ್ಯ' ದಿನವೂ ಒಂದು ಚಿಕ್ಕ ಚೌಕದಲ್ಲಿ ಕಾಣಿಸಿಕೊಂಡ. ಲಕ್ಷ್ಮಣರ ದಿನಚರಿ ಎಂದರೆ ಪತ್ರಿಕೆಯ ದಿನಚರಿ: ಬೆಳಗ್ಗೆ ಕಚೇರಿಗೆ ಬರುವುದು, ಸುದ್ದಿಗಳನ್ನು ಓದುವುದು, ಹೊಳಹು ಸಿಗುವವರೆಗೆ ಒದ್ದಾಡುವುದು, ಪುಟ ಮುಚ್ಚುವ ಮೊದಲು ಚಿತ್ರ ಮುಗಿಸುವುದು. ಅವರ ಕುಂಚದ ದಪ್ಪ, ಹಿಂಜರಿಯದ ಗೆರೆಯನ್ನು ಹೊಗಳುವಾಗ ಅದು ಅವರ ಸ್ವಭಾವದ ಗುಣ ಎಂದುಕೊಳ್ಳುತ್ತೇವೆ. ಸ್ವಭಾವ ಇರಬಹುದು. ದಿನಕ್ಕೊಂದು ಗಡುವು ಇದ್ದವನ ಕೈ ಹಿಂಜರಿಯಲು ಸಮಯವಿಲ್ಲದೆ ಕಲಿತ ಗೆರೆಯೂ ಅದು ಹೌದು. ಕಾವಿಯ ಸಲಾಕೆಯ ಗೆರೆಯಲ್ಲೂ ಇದೇ ನಿರ್ಧಾರ ಕಾಣುತ್ತದೆ. ಅಲ್ಲಿಯೂ ಕೆರೆದು ತೆಗೆದದ್ದನ್ನು ಮರಳಿ ತುಂಬುವುದು ಸುಲಭವಲ್ಲ.

ಅಂಕೋಲೆಯಲ್ಲಿ ಇಂಥದೇ ಶಿಸ್ತು ಅಕ್ಷರದಲ್ಲಿ ಕಾಣುತ್ತದೆ. ದಿನಕರ ದೇಸಾಯಿ (1909-1982) ಚಿತ್ರಕಾರರಲ್ಲ. ಆದರೆ ಅವರ ಚುಟುಕ ಇರುವ ನಾಲ್ಕು ಸಾಲಿನ ಚೌಕಟ್ಟು ಪಾಕೆಟ್ ಕಾರ್ಟೂನಿನ ಚೌಕಟ್ಟಿಗೆ ತೀರ ಹತ್ತಿರ. ಕಾರ್ಮಿಕ ಸಂಘಟನೆ, ರೈತ ಹೋರಾಟ, 1953ರಲ್ಲಿ ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆ ಕಾಲೇಜುಗಳು, 1967ರ ಲೋಕಸಭಾ ಚುನಾವಣೆ, 'ಜನಸೇವಕ' ವಾರಪತ್ರಿಕೆ, ಇವುಗಳ ನಡುವೆ ಬರೆಯುತ್ತಿದ್ದವರಿಗೆ ಚುಟುಕ ಸಾವಧಾನದ ಪ್ರಕಾರವಾಗಿರಲಿಲ್ಲ. ಅದು ವಾರದ ಪತ್ರಿಕೆಯ ಜಾಗಕ್ಕೆ, ಬಿಡುವಿಲ್ಲದ ಬದುಕಿಗೆ ಹೊಂದಿದ ಪ್ರಕಾರ. ನಮ್ಮ ವಿಮರ್ಶೆ ಚುಟುಕವನ್ನು ಬಹುಕಾಲ ಕಾವ್ಯದ ಹೊಸ್ತಿಲ ಹೊರಗೆ ನಿಲ್ಲಿಸಿ ಮಾತಾಡಿಸಿದೆ. ಗಡುವಿನ ಒಳಗೆ ಹುಟ್ಟಿದ್ದು ಎಂದರೆ ಕಡಿಮೆ ದರ್ಜೆಯದು ಎಂಬ ಅದೇ ಅನುಮಾನ ಕಥಾಚಿತ್ರವನ್ನೂ ಕಾವಿಯನ್ನೂ ಕಾಡಿದೆ.

ಕಾವಿಕಲೆಯನ್ನು ಕನ್ನಡದ ಓದುಗರಿಗೆ ಪರಿಚಯಿಸಿದ ಶ್ರೇಯಸ್ಸು ಬಹುಮಟ್ಟಿಗೆ ಹೊನ್ನಾವರದ ಕೃಷ್ಣಾನಂದ ಕಾಮತರಿಗೆ (1934-2002) ಸಲ್ಲಬೇಕು. ಕೀಟವಿಜ್ಞಾನದಲ್ಲಿ ಅಮೆರಿಕದಲ್ಲಿ ಡಾಕ್ಟರೇಟ್ ಮಾಡಿ ಮರಳಿದ ಕಾಮತರು ಲೇಖಕ, ಛಾಯಾಗ್ರಾಹಕ, ರೇಖಾಚಿತ್ರಕಾರ ಎಲ್ಲವೂ ಆಗಿದ್ದರು. 'ನಾನೂ ಅಮೆರಿಕೆಗೆ ಹೋಗಿದ್ದೆ', 'ವಂಗ ದರ್ಶನ', 'ಬಸ್ತರ ಪ್ರವಾಸ', 'ಕಾಗೆಯ ಕಾಯಕ' ಮುಂತಾದ ಪುಸ್ತಕಗಳ ಹೆಸರುಗಳೇ ಅವರ ಆಸಕ್ತಿಯ ಹರವನ್ನು ಹೇಳುತ್ತವೆ. ಲಕ್ಷ್ಮಣರಿಗೂ ಕಾಗೆ ಎಂದರೆ ಬಾಲ್ಯದಿಂದಲೂ ಪ್ರೀತಿ. ಅವರು ಕಾಗೆಯನ್ನು ನಿಲುವಿನ, ಕತ್ತು ಕೊಂಕಿಸುವ ಭಂಗಿಯ ಕಡೆಯಿಂದ ಹಿಡಿದರು. ಕಾಮತರು ಅದನ್ನು ಅದರ ಕೆಲಸದ ಕಡೆಯಿಂದ ನೋಡಿದರು. ಪುಸ್ತಕದ ಹೆಸರಿನಲ್ಲಿ 'ಕಾಯಕ' ಎಂಬ ಪದ ಬಂದಿರುವುದು ಕೇವಲ ಪ್ರಾಸದ ಆಸೆಯಿಂದಲ್ಲ ಎಂದು ನನ್ನ ಎಣಿಕೆ. ಜೀವಿಯೊಂದನ್ನು ಅದು ಏನು ಮಾಡುತ್ತದೆ ಎಂಬುದರಿಂದ ಅರಿಯುವುದು ಕೀಟವಿಜ್ಞಾನಿಯ ಅಭ್ಯಾಸ.

ಅದೇ ಅಭ್ಯಾಸವನ್ನು ಅವರು ಗೋಡೆಯ ಕಡೆಗೂ ತಿರುಗಿಸಿದರು. ಊರೂರು ಸುತ್ತಿ ಕಾವಿ ಚಿತ್ರಗಳ ಫೋಟೋ ತೆಗೆದರು, ಸುಣ್ಣ ಬೆಲ್ಲದ ಪಾಕದಿಂದ ಹಿಡಿದು ಸಲಾಕೆಯವರೆಗೆ ವಿಧಾನವನ್ನು ದಾಖಲಿಸಿದರು, ಪುಸ್ತಕ ಬರೆದರು. ಅವರಿಗೆ ಸ್ಟುಡಿಯೋ ಎಂದರೆ ಹೆಗಲ ಚೀಲ ಮತ್ತು ಬಸ್ಸು. ಅವರ ಸಂಗ್ರಹವನ್ನು ಮಗ ಅಂತರ್ಜಾಲಕ್ಕೆ ತಂದದ್ದರಿಂದ, ಕನ್ನಡದಲ್ಲಿ ಜಾಲತಾಣಗಳೇ ವಿರಳವಾಗಿದ್ದ 1990ರ ದಶಕದಲ್ಲೇ ಕರಾವಳಿಯ ಗೋಡೆಗಳು ದೂರದವರಿಗೂ ಕಂಡವು. ಕಾಮತರು ಈ ಕೆಲಸ ಮಾಡದೆ ಇದ್ದಿದ್ದರೆ ಇಂದು ಈ ಲೇಖನಕ್ಕೆ ಆಧಾರವೇ ಇರುತ್ತಿರಲಿಲ್ಲ. ಹಳೆಯ ದೇವಸ್ಥಾನಗಳನ್ನು ಕೆಡವಿ ಕಾಂಕ್ರೀಟಿನಲ್ಲಿ ಕಟ್ಟುವ, ಗೋಡೆಗೆ ಟೈಲ್ಸ್ ಹಚ್ಚುವ, ಆಯಿಲ್ ಪೇಂಟ್ ಬಳಿಯುವ ಜೀರ್ಣೋದ್ಧಾರದ ಉತ್ಸಾಹದಲ್ಲಿ ಅವರು ಕಂಡ ಎಷ್ಟೋ ಗೋಡೆಗಳು ಉಳಿದಿಲ್ಲ.

ಈ ಋಣವನ್ನು ಒಪ್ಪಿಕೊಂಡೇ ಕಾಮತರ ಮಾದರಿಯ ಮಿತಿಯನ್ನೂ ಹೇಳಬೇಕು. ಅದು ಅವರೊಬ್ಬರ ಮಿತಿಯಲ್ಲ, ದಾಖಲಾತಿ ಎಂಬ ಕ್ರಮದ್ದೇ ಮಿತಿ. ಗೋಡೆ ಫೋಟೋ ಆದಾಗ ಚೌಕಟ್ಟಿನೊಳಗೆ ಬರುವುದು ಆನೆ. ಹೊರಗುಳಿಯುವುದು ಆನೆಯ ಪಕ್ಕದ ಕಿಟಕಿ, ಕಂಬ, ಮಳೆನೀರು ಇಳಿದ ಗುರುತು, ಗಾರೆಯ ಒರಟು. ಕಾವಿಯನ್ನು ಪುಸ್ತಕಕ್ಕಾಗಿ ಕಪ್ಪು ಮಸಿಯಲ್ಲಿ ಪ್ರತಿ ಮಾಡಿದರೆ ಅದು ಮರದ ಅಚ್ಚಿನ ಚಿತ್ರದ ಹಾಗೆ ಕಾಣುತ್ತದೆ, ಚೆಂದವೇ. ಆದರೆ ಮೂಲದಲ್ಲಿ ಬಿಳಿ ಎಂಬುದು ತಗ್ಗಿನಲ್ಲಿದೆ, ಕೆಂಪು ಉಬ್ಬಿದೆ. ಬೆಳಗಿನ ಓರೆ ಬಿಸಿಲಿನಲ್ಲಿ ಅದರ ಅಂಚು ಒಂದು ತೆರ, ದೀಪದ ಬೆಳಕಿನಲ್ಲಿ ಮತ್ತೊಂದು ತೆರ. ಪುಟದಲ್ಲಿ ಈ ತಗ್ಗು ಉಬ್ಬು ಸಪಾಟಾಗುತ್ತದೆ, ಅದರೊಂದಿಗೆ ಕೆರೆದ ಕೈಯ ಒತ್ತಡವೂ ಅಳಿಸಿಹೋಗುತ್ತದೆ. ಉಳಿಯುವುದು 'ವಿನ್ಯಾಸ'. ವಿನ್ಯಾಸಕ್ಕೆ ಮಾಡಿದವರು ಬೇಕಾಗಿಲ್ಲ. ಅದನ್ನು ಸೀರೆಯ ಸೆರಗಿಗೂ ಮದುವೆ ಕಾಗದಕ್ಕೂ ಹಾಕಬಹುದು.

ಈಗಿನ ಪುನರುಜ್ಜೀವನದ ಮಾತು ಬಂದಾಗ ಈ ವ್ಯತ್ಯಾಸ ಇನ್ನಷ್ಟು ಮುಖ್ಯವಾಗುತ್ತದೆ. ಉಡುಪಿ ಕಡೆಯ ಕಲಾವಿದ ಜನಾರ್ದನ ಹಾವಂಜೆಯವರಂಥ ಕೆಲವರು ಕಾವಿಯನ್ನು ಮತ್ತೆ ಬಳಕೆಗೆ ತರಲು ದುಡಿಯುತ್ತಿದ್ದಾರೆ. ಇನ್ನೊಂದು ಕಡೆ ಕ್ಯಾನ್ವಾಸಿನ ಮೇಲೆ ಕೆಂಪು ಅಕ್ರಿಲಿಕ್ ಹಚ್ಚಿ ಅದರ ಮೇಲೆ ಬಿಳಿ ಗೆರೆ ಎಳೆದು 'ಕಾವಿ ಶೈಲಿ' ಎನ್ನುವುದೂ ಸುಲಭ. ಶುದ್ಧಾಚಾರದ ಹೆಸರಲ್ಲಿ ಇದನ್ನು ನಾನು ತಳ್ಳಿಹಾಕುತ್ತಿಲ್ಲ. ಕಲೆಗಳು ಸಾಮಗ್ರಿ ಬದಲಿಸುತ್ತಲೇ ಬದುಕುತ್ತವೆ. ಆದರೆ ತೆಗೆಯುವ ಕಲೆ ಹಚ್ಚುವ ಕಲೆಯಾದಾಗ ಏನು ಬದಲಾಯಿತು ಎಂದು ನೋಡುವುದು ವಿಮರ್ಶೆಯ ಕೆಲಸ. ಅಕ್ರಿಲಿಕ್ಕಿನಲ್ಲಿ ತಪ್ಪಿದರೆ ಮತ್ತೆ ಬಳಿಯಬಹುದು, ಇವತ್ತು ನಿಲ್ಲಿಸಿ ಮುಂದಿನ ತಿಂಗಳು ಮುಂದುವರಿಸಬಹುದು. ಸುಣ್ಣ ಕಲಿಸಿದ್ದ ತುರ್ತು ಅಲ್ಲಿಲ್ಲ. ಹಾಗಾದರೆ ಆ ಗೆರೆಗೆ ಬೇರೆ ಯಾವುದೋ ಶಿಸ್ತು ಬೇಕು, ಅದು ಯಾವುದು ಎಂಬ ಪ್ರಶ್ನೆಯನ್ನು ಹೊಸ ಕಾವಿ ತಾನೇ ಎದುರಿಸಬೇಕು. ಬರೀ ಎರಡು ಬಣ್ಣಗಳ ನೆನಪಿನಿಂದ ಅದು ಕಾವಿ ಆಗುವುದಿಲ್ಲ.

ಕಾವಿ ಮಾಡಿದವರ ಹೆಸರು ಗೋಡೆಗಳಿಂದ ನಮಗೆ ದಕ್ಕಿಲ್ಲ ಎಂದು ಮರುಗುವಾಗ, ನಮ್ಮ ಕಾಲದ ಚಿತ್ರಕಾರರ ಹೆಸರನ್ನು ನಾವು ಹೇಗೆ ಕಾಪಾಡಿದ್ದೇವೆ ಎಂದೂ ಕೇಳಿಕೊಳ್ಳಬೇಕು. ಕನ್ನಡದ ವಾರಪತ್ರಿಕೆಗಳ, ದೀಪಾವಳಿ ಸಂಚಿಕೆಗಳ ಕಥಾಚಿತ್ರಗಳನ್ನು ಹುಡುಕಿಕೊಂಡು ಹಳೆಯ ಸಂಪುಟಗಳ ಮುಂದೆ ಕೂರುವ ಯಾವ ಸಂಶೋಧಕರಿಗೂ ಗೊತ್ತಿರುವ ಸಂಗತಿ ಇದು: ಸೂಚಿಗಳಲ್ಲಿ ಲೇಖಕರ ಹೆಸರಿನಿಂದ ಹುಡುಕಬಹುದು, ಶೀರ್ಷಿಕೆಯಿಂದ ಹುಡುಕಬಹುದು, ಚಿತ್ರಕಾರರ ಹೆಸರಿನಿಂದ ಹುಡುಕಲು ದಾರಿ ಇರುವುದು ಅಪರೂಪ. ಚಿತ್ರದ ಮೂಲೆಯ ಪುಟ್ಟ ಸಹಿಯನ್ನೇ ಭೂತಗನ್ನಡಿ ಹಿಡಿದು ಓದಬೇಕು. ಕಥೆ ಪತ್ರಿಕೆಯಿಂದ ಸಂಕಲನಕ್ಕೆ ಹೋಗುವಾಗ ಚಿತ್ರ ಹಿಂದೆ ಉಳಿಯುತ್ತದೆ. ಒಂದು ತಲೆಮಾರಿನ ಓದುಗರ ಮನಸ್ಸಿನಲ್ಲಿ ಆ ಕಥೆಯ ನಾಯಕಿಗೆ ಮುಖ ಕೊಟ್ಟಿದ್ದು ಆ ಗೆರೆ; ಮುಂದಿನ ತಲೆಮಾರಿಗೆ ಅದರ ಸುಳಿವೂ ಇಲ್ಲ. ನಾರಾಯಣರ ಮಾಲ್ಗುಡಿಗೆ ಲಕ್ಷ್ಮಣರ ಚಿತ್ರಗಳು ಅಂಟಿಕೊಂಡು ಉಳಿದವು, ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಯ ಜೊತೆಗೂ ಬಂದವು. ಎಲ್ಲ ಕಥೆಗಾರರಿಗೂ ಚಿತ್ರಕಾರ ತಮ್ಮ ಇರುವುದಿಲ್ಲವಲ್ಲ.

ಇದರ ಪರಿಣಾಮ ಈಗ ಕಾಣುತ್ತಿದೆ. ಚಿತ್ರ ಎಂದರೆ ಬರಹದ ಮೇಲೆ ಇಡುವ ಒಂದು ಅಲಂಕಾರ, ಅದಕ್ಕೆ ಮಾಡಿದವರು ಇರಬೇಕಾಗಿಲ್ಲ ಎಂಬ ಭಾವನೆಯನ್ನು ನಾವು ದಶಕಗಳಿಂದ ಬೆಳೆಸಿಕೊಂಡು ಬಂದಿದ್ದೇವೆ. ಹಾಗಾಗಿ ಯಂತ್ರ ಕ್ಷಣದಲ್ಲಿ ಚಿತ್ರ ಕೊಡುತ್ತದೆ ಎಂದಾಗ ನಮಗೆ ಏನನ್ನೋ ಕಳೆದುಕೊಂಡ ಅನುಭವವೇ ಆಗುವುದಿಲ್ಲ. ಅಂತರ್ಜಾಲದ ಪತ್ರಿಕೆಗಳಲ್ಲಿ ಕಥೆಯ ನೆತ್ತಿಯ ಮೇಲೆ ಹೆಸರಿಲ್ಲದ, ಊರಿಲ್ಲದ ಚಿತ್ರಗಳು ಬಂದು ಕೂರುತ್ತಿವೆ. ಅಂಕೋಲೆಯ ಕಥೆಗೂ ಅಥಣಿಯ ಕಥೆಗೂ ಒಂದೇ ಮುಖದ ಹೆಂಗಸು, ಒಂದೇ ಸೂರ್ಯಾಸ್ತ. ಇದು ಕೈಕೆಲಸ ಮೇಲು, ಯಂತ್ರ ಕೀಳು ಎಂಬ ಹಳೆಯ ವಾದವಲ್ಲ, ಅಚ್ಚುಮೊಳೆಯೂ ಯಂತ್ರವೇ. ಪ್ರಶ್ನೆ ಇರುವುದು ಚಿತ್ರ ಯಾವ ಪ್ರತಿರೋಧವನ್ನು ದಾಟಿ ಬಂದಿದೆ ಎಂಬುದರಲ್ಲಿ. ಸುಣ್ಣದ ಪ್ರತಿರೋಧ, ಗಡುವಿನ ಪ್ರತಿರೋಧ, ಬೇರೊಬ್ಬರ ಕಥೆಯನ್ನು ಕೂತು ಓದಿ ಅದರಲ್ಲಿ ಚಿತ್ರವಾಗಬಲ್ಲ ಒಂದೇ ಒಂದು ಕ್ಷಣವನ್ನು ಆರಿಸಬೇಕಾದ ಪ್ರತಿರೋಧ. ಈ ಕೊನೆಯದು ಒಂದು ವಿಮರ್ಶೆಯ ಕೆಲಸ. ಒಳ್ಳೆಯ ಕಥಾಚಿತ್ರಕಾರ ಕಥೆಯ ಮೊದಲ ವಿಮರ್ಶಕ. ಆ ಓದನ್ನು ನಾವು ಓದು ಎಂದು ಎಣಿಸಿಯೇ ಇಲ್ಲ.

ಆದ್ದರಿಂದ ಚಿತ್ರಕಾರರ ಸಂದರ್ಶನಗಳಲ್ಲಿ ಬರುವ ಪ್ರಶ್ನೆಗಳನ್ನು ಬಿಡಬೇಕಾಗಿಲ್ಲ, ಬದಲಿಸಿದರೆ ಸಾಕು. ಎಷ್ಟು ಗಂಟೆಗೆ ಏಳುತ್ತೀರಿ ಎಂಬುದರ ಬದಲು, ಕಥೆ ಕೈಗೆ ಬಂದ ಮೇಲೆ ಎಷ್ಟು ಹೊತ್ತು ಸಿಗುತ್ತದೆ? ಯಾವ ಪೆನ್ನು ಎಂಬುದರ ಬದಲು, ಎಷ್ಟು ಸಂಭಾವನೆ, ಮೂಲಚಿತ್ರ ಈಗ ಯಾರ ಬಳಿ ಇದೆ? ಸ್ಫೂರ್ತಿ ಎಲ್ಲಿಂದ ಎಂಬುದರ ಬದಲು, ಈ ಕಥೆಯಲ್ಲಿ ಈ ಕ್ಷಣವನ್ನೇ ಏಕೆ ಆರಿಸಿದಿರಿ? ಪತ್ರಿಕೆಗಳು ಲೇಖಕರ ಹೆಸರಿನ ಪಕ್ಕದಲ್ಲೇ ಚಿತ್ರಕಾರರ ಹೆಸರನ್ನೂ ಹಾಕಲಿ, ಗ್ರಂಥಾಲಯದ ಸೂಚಿಯಲ್ಲಿ ಅದಕ್ಕೊಂದು ಅಂಕಣ ಇರಲಿ. ಕಾರವಾರ ಅಂಕೋಲೆಯ ಕಡೆ ಇನ್ನೂ ನಿಂತಿರುವ ಕಾವಿ ಗೋಡೆಗಳ ಮುಂದೆ ಹೋದವರು ಚಿತ್ರದ ಫೋಟೋ ತೆಗೆದ ಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಓರೆಯಾಗಿ ಬಿದ್ದ ಬೆಳಕಿನಲ್ಲಿ ಗೆರೆಯ ಅಂಚನ್ನು ನೋಡಲಿ. ಹಸಿ ಗಾರೆಯಲ್ಲಿ ಸಲಾಕೆ ಎಲ್ಲಿ ಸಲೀಸಾಗಿ ಸರಿದಿದೆ, ಎಲ್ಲಿ ಗಾರೆ ಬಿಗಿಯತೊಡಗಿ ಕೈ ಒತ್ತಬೇಕಾಗಿ ಬಂದಿದೆ ಎಂಬುದು ಅಲ್ಲೇ ಕಾಣಬಹುದು.